ನಡುಮನೆ ಎಂಟೇ ಅಡಿ ಯಾಕೆ? ಕೋಲಾರದ ಹಳೇ ಮನೆಗಳನ್ನು ಓದುವ ಬಗೆ

ಕೋಲಾರದ ಕೋಟೆ ಭಾಗದಲ್ಲಿ ನಮ್ಮ ತಾತನ ಮನೆ ಇತ್ತು. ಚಿಕ್ಕಪ್ಪನ ಮದುವೆಗೆ ಬಂದ ಡಬಲ್ ಕಾಟ್ ಮಂಚ ಆ ಮನೆಯ ಯಾವ ಕೋಣೆಗೂ ಹೊಂದಲಿಲ್ಲ. ಅಡ್ಡ ಹಾಕಿದರೆ ಓಡಾಡೋಕೆ ಜಾಗ ಇಲ್ಲ. ಉದ್ದ ಹಾಕಿದರೆ ಬಾಗಿಲು ಪೂರ್ತಿ ತೆರೆಯೋದಿಲ್ಲ. "ಇಷ್ಟು ದೊಡ್ಡ ಜಾಗದಲ್ಲಿ ಇಷ್ಟು ಇಕ್ಕಟ್ಟಾಗಿ ಯಾಕೆ ಕಟ್ಟಿದ್ರೋ" ಅಂತ ಚಿಕ್ಕಪ್ಪ ಬೇಜಾರು ಮಾಡಿಕೊಂಡರು. ತಾತ ಚಾವಣಿ ಕಡೆ ಕೈ ತೋರಿಸಿ, "ನಮ್ಮಪ್ಪನ್ನ ಬೈಬೇಡ, ಮೇಲಿರೋ ಕಲ್ಲನ್ನ ಕೇಳು" ಅಂದರು.

ಆ ಮನೆಯ ನಡುಮನೆ ಎಂಟು ಅಡಿ ಅಗಲ. ಪಡಸಾಲೆಯೂ ಎಂಟು ಅಡಿ. ಅಡುಗೆಮನೆ, ದೇವರ ಮನೆ, ಉಗ್ರಾಣ ಎಲ್ಲವೂ ಎಂಟರ ಆಸುಪಾಸು. ಉದ್ದ ಮಾತ್ರ ಬೇಕಾದ ಹಾಗೆ ಬೆಳೆದಿತ್ತು. ಒಂದೊಂದು ಕೋಣೆ ರೈಲು ಡಬ್ಬಿ ಹಾಗೆ ಉದ್ದುದ್ದ. ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಕಡೆಯ ಹಳೇ ಕಲ್ಲು ಮಿದ್ದೆ ಮನೆ (ಮೇಲೆ ಚಪ್ಪಟೆ ಚಾವಣಿ ಇರುವ ಮನೆ) ಯಾವುದಾದರೂ ನಿಮಗೆ ಗೊತ್ತಿದ್ದರೆ, ಒಮ್ಮೆ ಟೇಪು ಹಿಡಿದು ಅಳೆಯಿರಿ. ಹೆಚ್ಚುಕಮ್ಮಿ ಇದೇ ಲೆಕ್ಕ ಸಿಗುತ್ತದೆ.

ಹಳೇ ಮನೆ ಅಂದ ತಕ್ಷಣ ನಾವು ಬಾಗಿಲ ಕೆತ್ತನೆ, ಕಂಬ, ಕೆಂಪು ನೆಲ ನೋಡುತ್ತೇವೆ. ಅವೆಲ್ಲ ಚೆಂದವೇ. ಆದರೆ ಮನೆಯ ಆಕಾರವನ್ನು ತೀರ್ಮಾನಿಸಿದ್ದು ಅವಲ್ಲ, ಚಾವಣಿ. ಮೇಲೆ ಏನು ಹೊದಿಸೋಕೆ ಸಿಗುತ್ತೋ ಅದಕ್ಕೆ ತಕ್ಕ ಹಾಗೆ ಕೆಳಗೆ ಗೋಡೆ ಎದ್ದಿತು. 1900ರಿಂದ 1940ರ ಒಳಗೆ ನಮ್ಮ ಕಡೆ ಚಾವಣಿ ಮೂರು ನಾಲ್ಕು ಸಲ ಬದಲಾಯಿತು. ಒಂದೊಂದು ಸಲವೂ ಮನೆಯ ಒಳಗಿನ ಬದುಕು ಬದಲಾಯಿತು. ಅದಕ್ಕೇ ಹಳೇ ಮನೆ ಒಳಗೆ ಹೋದರೆ ನಾನು ಮೊದಲು ತಲೆ ಎತ್ತಿ ನೋಡುತ್ತೇನೆ.

ಕಲ್ಲಿನ ಮಾತು

ಕೋಲಾರದಲ್ಲಿ ಕಲ್ಲಿಗೆ ಬರ ಇಲ್ಲ. ಅಂತರಗಂಗೆ ಬೆಟ್ಟ ನೋಡಿದರೆ ಸಾಕು, ಬಂಡೆ ಮೇಲೆ ಬಂಡೆ. ಟೇಕಲ್ ಕಡೆ ಹೋದರೆ ಇಡೀ ಗುಡ್ಡವೇ ಬಂಡೆಗಳ ರಾಶಿ. ಒಳ್ಳೆ ಮರ ಮಾತ್ರ ದುಬಾರಿ. ತೇಗ ಮಲೆನಾಡಿನಿಂದಲೋ ಇನ್ನೂ ದೂರದಿಂದಲೋ ಬರಬೇಕು. ಹಾಗಾಗಿ ಗೋಡೆಗೂ ಕಲ್ಲು, ಕಂಬಕ್ಕೂ ಕಲ್ಲು, ಚಾವಣಿಗೂ ಕಲ್ಲು ಚಪ್ಪಡಿ.

ಕಲ್ಲಿಗೆ ಒಂದು ಗುಣ ಇದೆ. ಅದರ ಮೇಲೆ ಎಷ್ಟು ಭಾರ ಒತ್ತಿದರೂ ತಡೆದುಕೊಳ್ಳುತ್ತದೆ. ಎಳೆದರೆ ಮಾತ್ರ ಬೇಗ ಸೋಲುತ್ತದೆ. ಎರಡು ಗೋಡೆ ನಡುವೆ ಒಂದು ಚಪ್ಪಡಿ ಇಟ್ಟಿದ್ದೀರಿ ಅಂದುಕೊಳ್ಳಿ. ಅದು ತನ್ನ ತೂಕಕ್ಕೇ ನಡುವೆ ಚೂರು ಜಗ್ಗುತ್ತದೆ. ಕಣ್ಣಿಗೆ ಕಾಣದಷ್ಟು. ಆಗ ಚಪ್ಪಡಿಯ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ. ಆ ಕೆಳಮೈ ಹಿಗ್ಗುವಿಕೆಯೇ ಅಪಾಯ. ಎಳೆದರೆ ಕಲ್ಲು ಹೆಚ್ಚು ಹಿಗ್ಗೋದಿಲ್ಲ, ಬಿರಿಯುತ್ತದೆ. ಇನ್ನೊಂದು ವಿಷಯ: ಗೋಡೆಗಳ ನಡುವಿನ ಅಂತರ ಎರಡರಷ್ಟಾದರೆ ಚಪ್ಪಡಿಯನ್ನು ಬಾಗಿಸುವ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಎಂಟು ಅಡಿಗೆ ನೆಮ್ಮದಿಯಾಗಿ ಕೂತ ಕಲ್ಲು ಹದಿನಾರು ಅಡಿಗೆ ನಿಲ್ಲೋದಿಲ್ಲ. ದಪ್ಪ ಜಾಸ್ತಿ ಮಾಡೋಣ ಅಂದರೆ ತೂಕವೂ ಜಾಸ್ತಿ.

ತೂಕ ಎಷ್ಟು ಅಂತ ಲೆಕ್ಕ ಹಾಕೋಣ. ಒಂಬತ್ತು ಅಡಿ ಉದ್ದ, ಒಂದೂವರೆ ಅಡಿ ಅಗಲ, ಮೂರು ಅಂಗುಲ ದಪ್ಪದ ಒಂದು ಚಪ್ಪಡಿ ಸುಮಾರು 250 ಕೆಜಿ ತೂಗುತ್ತದೆ. ಕ್ರೇನ್ ಇಲ್ಲದ ಕಾಲ. ಇಳಿಜಾರಾಗಿ ಮರದ ದಿಮ್ಮಿ ಒರಗಿಸಿ, ಹಗ್ಗ ಕಟ್ಟಿ, ಹಾರೆ ಹಾಕಿ ಮೀಟಿ, ಆಳುಗಳೇ ಮೇಲಕ್ಕೇರಿಸಬೇಕು. ಒಂದು ಕೋಣೆಗೆ ಇಂಥವು ಹತ್ತು ಹನ್ನೆರಡು. ಕೈಯಲ್ಲಿ ಎತ್ತೋಕೆ ಆಗುವ ಕಲ್ಲಿನ ಅಳತೆಯೇ ಕೋಣೆಯ ಅಗಲಕ್ಕೆ ಗಡಿ ಹಾಕಿತು.

ಅಗಲ ಬೇಕೇ ಬೇಕು ಅಂದರೆ ನಡುವೆ ಕಂಬದ ಸಾಲು ಕೊಡಬೇಕು. ಕಂಬದ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಚಪ್ಪಡಿ. ಹೀಗೆ ಎರಡು ಸಾಲಿನ ನಡುವೆ ಸಿಗುವ ಜಾಗಕ್ಕೆ ನಮ್ಮ ಜನ ಇಟ್ಟ ಹೆಸರು ಅಂಕಣ. ಪತ್ರಿಕೆಯ ಅಂಕಣ ಅಂತ ನಾವು ಈಗ ಹೇಳುತ್ತೀವಲ್ಲ, ಅದೇ ಪದ. ಹಿಂದಿನವರು ಮನೆಯನ್ನು ಚದರಡಿಯಲ್ಲಿ ಹೇಳುತ್ತಿರಲಿಲ್ಲ. ಮೂರಂಕಣದ ಮನೆ, ಐದಂಕಣದ ಮನೆ ಅನ್ನುತ್ತಿದ್ದರು. ಒಂದು ಅಂಕಣ ಅಂದರೆ ಒಂದು ಚಾವಣಿ ಹಾಸು ದಾಟುವ ಅಂತರ. ಈ ಪದ ನನಗೆ ತುಂಬಾ ಇಷ್ಟ. ಮನೆಯ ಅಳತೆ ನೆಲದಿಂದ ಅಲ್ಲ, ತಲೆ ಮೇಲಿನಿಂದ ಬಂತು ಅನ್ನೋದನ್ನು ಅದು ಒಂದೇ ಮಾತಿನಲ್ಲಿ ಹೇಳುತ್ತದೆ.

ಇಷ್ಟು ತೆಳ್ಳಗಿನ, ಉದ್ದನೆಯ ಚಪ್ಪಡಿಯನ್ನು ಬಂಡೆಯಿಂದ ಎಬ್ಬಿಸುತ್ತಿದ್ದದ್ದು ಹೇಗೆ? ಬೆಂಕಿಯಿಂದ. ಬಂಡೆಯ ಮೇಲೆ ಸಾಲಾಗಿ ಸೌದೆ ಉರಿಸುತ್ತಿದ್ದರು. ಕಾದ ಮೇಲ್ಪದರ ಹಿಗ್ಗುತ್ತದೆ, ಕೆಳಗಿನ ತಣ್ಣಗಿನ ಬಂಡೆ ಹಿಗ್ಗೋದಿಲ್ಲ. ಎರಡರ ನಡುವೆ ಬಿರುಕು ಬಿಟ್ಟು ಮೇಲಿನ ಪದರ ಹಪ್ಪಳದ ಹಾಗೆ ಬಿಡಿಸಿಕೊಳ್ಳುತ್ತದೆ. ಕಲ್ಲು ಕುಟಿಗರು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಟೊಳ್ಳು ಸದ್ದು ಬಂದರೆ ಅಲ್ಲಿ ಕಲ್ಲು ಎದ್ದಿದೆ ಅಂತ ಅರ್ಥ. ಆಗ ಬೆಂಕಿಯನ್ನು ಮುಂದಕ್ಕೆ ಸರಿಸಬೇಕು.

19ನೇ ಶತಮಾನದ ಕೊನೆಗೆ ಬೆಂಗಳೂರಿನಲ್ಲಿ ಈ ಕೆಲಸ ನೋಡಿದವರು ಲೆಕ್ಕ ಬರೆದಿಟ್ಟಿದ್ದಾರೆ. ಏಳು ಅಡಿ ಉದ್ದದ ಬೆಂಕಿಯ ಸಾಲಿನಿಂದ ಶುರು. ಗಂಟೆಗೆ ಸುಮಾರು ಆರು ಅಡಿ ಮುಂದಕ್ಕೆ. ಎಂಟು ಗಂಟೆ ಉರಿಸಿದರೆ ಸುಮಾರು 740 ಚದರಡಿಯ ಒಂದೇ ಹಾಳೆ, ಸರಾಸರಿ ಐದು ಅಂಗುಲ ದಪ್ಪ. ಒಂದು ಕೆಜಿ ಸೌದೆಗೆ ಹತ್ತಿರ ಹತ್ತಿರ 30 ಕೆಜಿ ಕಲ್ಲು! ಮದ್ದು ಸಿಡಿಸಿದರೆ ಕಲ್ಲು ಚೂರಾಗುತ್ತದೆ. ಬೆಂಕಿ ಹಾಳೆ ಹಾಳೆಯಾಗಿ ಎಬ್ಬಿಸುತ್ತದೆ. ಆಮೇಲೆ ಹಾಳೆಯ ಮೇಲೆ ಗೆರೆ ಎಳೆದು, ಸಾಲಾಗಿ ಗುಳಿ ತೋಡಿ, ಉಕ್ಕಿನ ಬೆಣೆ ಇಟ್ಟು, ಒಂದೊಂದಕ್ಕೆ ಒಂದೊಂದು ಏಟು ಹಾಕುತ್ತಾ ಹೋದರೆ ಕಲ್ಲು ಗೆರೆ ಹಿಡಿದು ಸೀಳುತ್ತದೆ.

ಓದು ಬರಹ ಇಲ್ಲದ ಜನ ಅಂತ ನಾವು ಸುಲಭವಾಗಿ ಹೇಳಿಬಿಡುವವರು ಮಾಡಿದ ಕೆಲಸ ಇದು. ಬಂಡೆಯ ಸದ್ದು ಕೇಳಿ ಅದರ ಒಳಗಿನ ಬಿರುಕು ಗುರುತಿಸುವುದು ಸಣ್ಣ ಓದಲ್ಲ. ಮನೆ ಕಟ್ಟಿಸಿದ ಯಜಮಾನನ ಹೆಸರು ಬಾಗಿಲ ಮೇಲೆ ಉಳಿದಿದೆ. ಈ ಕುಟಿಗರ ಹೆಸರು ಎಲ್ಲೂ ಇಲ್ಲ.

ಗಾರೆ ಅಂದರೆ ಸಿಮೆಂಟಲ್ಲ

ಚಪ್ಪಡಿ ಕೂರಿಸಿದ ಮೇಲೆ ಸಂದಿ ಮುಚ್ಚಬೇಕು. ಮೇಲೆ ನೀರು ಇಳಿಯದ ಪದರ ಬೇಕು. ಅದಕ್ಕೆ ಗಾರೆ. ಈಗ ಗಾರೆ ಕೆಲಸ ಅಂದರೆ ಸಿಮೆಂಟ್ ಕೆಲಸ ಆಗಿಬಿಟ್ಟಿದೆ. ಆಗ ಗಾರೆ ಅಂದರೆ ಸುಣ್ಣ, ಮರಳು, ಸುರ್ಕಿ. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ.

ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟು ಹೋಗುತ್ತದೆ. ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗಾಣಕ್ಕೆ ಹಾಕಿ ಮರಳು, ಸುರ್ಕಿ ಜೊತೆ ಅರೆಯಬೇಕು. ನೆಲದಲ್ಲಿ ದುಂಡಗಿನ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಚಕ್ರ, ಎಳೆಯೋಕೆ ಎತ್ತು. ದೊಡ್ಡ ಮನೆ ಕಟ್ಟುವ ಕಡೆಯೆಲ್ಲ ಇಂಥ ಗಾರೆ ಗಾಣ ಇರುತ್ತಿತ್ತು. ಈಗ ಅದರ ಚಕ್ರ ಮಾತ್ರ ಅಲ್ಲಲ್ಲಿ ದೇವಸ್ಥಾನದ ಅಂಗಳದಲ್ಲೋ ಹೊಲದ ಬದಿಯಲ್ಲೋ ಬಿದ್ದಿರುತ್ತದೆ. ನೋಡಿದವರು ಬೀಸುವ ಕಲ್ಲು ಅಂದುಕೊಳ್ಳುತ್ತಾರೆ.

ಗೋಡೆಗೆ ಹೋದ ಗಾರೆ ಗಾಳಿಯಲ್ಲಿರುವ ಅದೇ ಇಂಗಾಲದ ಡೈಆಕ್ಸೈಡನ್ನು ವರ್ಷಗಟ್ಟಲೆ ಹೀರುತ್ತಾ ಮತ್ತೆ ಸುಣ್ಣದಕಲ್ಲಾಗುತ್ತದೆ. ಕಲ್ಲು ಪುಡಿಯಾಗಿ, ಹಿಟ್ಟಾಗಿ, ಮತ್ತೆ ಕಲ್ಲು. ಸುರ್ಕಿ ಸೇರಿದರೆ ಇನ್ನೊಂದು ಕೆಲಸ ಆಗುತ್ತದೆ. ಅದು ಸುಣ್ಣದ ಜೊತೆ ಬೆರೆತು ನೀರಿನೊಳಗೂ ಗಟ್ಟಿಯಾಗುವ ಅಂಟು ಕೊಡುತ್ತದೆ. ಇದು ಹಳ್ಳಿ ಮನೆಗೆ ಮಾತ್ರ ಸಾಕಾಗುವ ಸಾಮಾನು ಅಂದುಕೊಳ್ಳಬೇಡಿ. 1911ರಲ್ಲಿ ಶುರುವಾದ ಕೃಷ್ಣರಾಜಸಾಗರ ಅಣೆಕಟ್ಟೆ ಕಟ್ಟಿದ್ದೂ ಸುರ್ಕಿ ಗಾರೆಯಲ್ಲೇ. ಅದರ ಹಿಂದಿದ್ದ ವಿಶ್ವೇಶ್ವರಯ್ಯನವರು ಹುಟ್ಟಿದ್ದು ನಮ್ಮ ಮುದ್ದೇನಹಳ್ಳಿಯಲ್ಲಿ. ಚಿಕ್ಕಬಳ್ಳಾಪುರ 2007ರವರೆಗೂ ಕೋಲಾರ ಜಿಲ್ಲೆಯಲ್ಲೇ ಇತ್ತಲ್ವಾ, ಅದಕ್ಕೆ ನಮ್ಮ ಅಂದೆ.

ಸ್ವಲ್ಪ ಅನುಕೂಲಸ್ಥರು ಕಲ್ಲು ಚಪ್ಪಡಿ ಬಿಟ್ಟು ಮದ್ರಾಸ್ ತಾರಸಿ ಹಾಕಿಸುತ್ತಿದ್ದರು. ತೇಗದ ತೊಲೆ, ಅದರ ಮೇಲೆ ಒತ್ತೊತ್ತಾಗಿ ಜಂತೆ, ಅಂದರೆ ಸಣ್ಣ ಅಡ್ಡಮರಗಳು. ಜಂತೆ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಓರೆಯಾಗಿ ಜೋಡಿಸುತ್ತಾರೆ. ಎರಡು ಜಂತೆಗಳ ನಡುವಿನ ಇಟ್ಟಿಗೆಗೆ ಕೆಳಗಿನಿಂದ ಆಸರೆಯೇ ಇರೋದಿಲ್ಲ, ಪಕ್ಕದ ಇಟ್ಟಿಗೆ ಮತ್ತು ಗಾರೆಯೇ ಆಸರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಸೇರಿಸಿದ ನಾಲ್ಕು ಅಂಗುಲದಷ್ಟು ಪದರ. ಅದನ್ನು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯಬೇಕು. ಹೆಂಗಸರು ಸಾಲಾಗಿ ಕೂತು, ಪದ ಹೇಳುತ್ತಾ, ಒಂದೇ ತಾಳಕ್ಕೆ ಬಡಿಯುತ್ತಿದ್ದರು. ನಡುನಡುವೆ ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸುತ್ತಿದ್ದರು. ಕೊಡತಿ ಪುಟಿದು ಮೇಲೆ ಬಂದರೆ ಪದರ ಗಟ್ಟಿಯಾಗಿದೆ ಅಂತ ಲೆಕ್ಕ. ಆಮೇಲೆ ಚಪ್ಪಟೆ ಬಿಲ್ಲೆ, ಕೊನೆಗೆ ನಯವಾದ ಗಾರೆ.

ಮದ್ರಾಸ್ ತಾರಸಿ ಹಾಕಿದ ಮನೆಯಲ್ಲಿ ಕೋಣೆ ಹತ್ತು, ಹನ್ನೆರಡು ಅಡಿಗೆ ಏರಿತು. ಮರ ಬಾಗುತ್ತದೆ, ಎಳೆತ ತಡೆಯುತ್ತದೆ. ಕಲ್ಲಿಗೆ ಆಗದ್ದು ಮರಕ್ಕೆ ಆಯಿತು. ಗೆದ್ದಲು ಹಿಡಿದರೆ ಮಾತ್ರ ಕೆಲಸ ಕೆಟ್ಟಿತು. ಗೋಡೆಯೊಳಗೆ ಹೂತ ತೊಲೆಯ ತುದಿಯೇ ಮೊದಲು ಹೋಗುವುದು, ಹೊರಗಿನಿಂದ ಗೊತ್ತೇ ಆಗೋದಿಲ್ಲ.

ಸಣ್ಣ ರೈಲು, ಹೆಂಚು ಮತ್ತು 1865

ಈಗ ಇಲ್ಲವಾದ ಗುರುತುಗಳಲ್ಲಿ ನನಗೆ ಎಲ್ಲಕ್ಕಿಂತ ನೆನಪಾಗುವುದು ನಮ್ಮ ಸಣ್ಣ ರೈಲು. ಮದ್ರಾಸು–ಬೆಂಗಳೂರು ರೈಲು 1864ರಲ್ಲೇ ಬೌರಿಂಗ್‌ಪೇಟೆ ಮೇಲೆ ಹಾದು ಹೋಗಿತ್ತು. ಬೌರಿಂಗ್‌ಪೇಟೆ ಅಂದರೆ ಇವತ್ತಿನ ಬಂಗಾರಪೇಟೆ. ಜಿಲ್ಲಾ ಕೇಂದ್ರವಾದ ಕೋಲಾರಕ್ಕೆ ಮಾತ್ರ ರೈಲು ಬಂದಿದ್ದು 1913ರಲ್ಲಿ. ಅದೂ ನ್ಯಾರೋಗೇಜ್. ಎರಡು ಕಂಬಿ ನಡುವೆ ಎರಡೂವರೆ ಅಡಿ ಅಷ್ಟೇ. ಆಮೇಲೆ ಅದು ಚಿಂತಾಮಣಿ, ಚಿಕ್ಕಬಳ್ಳಾಪುರದವರೆಗೆ ಬೆಳೆಯಿತು. ಆ ಕಡೆ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಬಂದ ಇನ್ನೊಂದು ಸಣ್ಣ ರೈಲು ಇದಕ್ಕೆ ಕೂಡಿಕೊಂಡಿತು.

ಮನೆಗೂ ರೈಲಿಗೂ ಏನು ಸಂಬಂಧ ಅಂತೀರಾ? ಸಾಮಾನಿನ ಸಂಬಂಧ. ಅದುವರೆಗೆ ಕೋಲಾರದ ಮನೆ ಕೋಲಾರದಲ್ಲಿ ಸಿಗುವುದರಿಂದಲೇ ಆಗಬೇಕಿತ್ತು. ಇಪ್ಪತ್ತು ಮೈಲಿ ಆಚೆಯಿಂದ ಗಾಡಿಯಲ್ಲಿ ತರುವುದೂ ಭಾರಿ ಖರ್ಚು. ರೈಲು ಬಂದ ಮೇಲೆ ಮಂಗಳೂರು ಹೆಂಚು, ತೇಗದ ತೊಲೆ, ಕಬ್ಬಿಣದ ಗರ್ಡರ್, ಕಿಟಕಿಯ ಗಾಜು, ಸಿಮೆಂಟಿನ ಪೀಪಾಯಿ ಊರ ಬಾಗಿಲಿಗೆ ಬರುವ ದಾರಿ ತೆರೆಯಿತು.

ಮಂಗಳೂರು ಹೆಂಚಿನ ಕತೆ ಚಿಕ್ಕದಾಗಿ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನಮ್ಮ ಕುಂಬಾರರ ನಾಡಹೆಂಚು ಅರ್ಧ ಕೊಳವೆಯ ಹಾಗೆ. ಒಂದರ ಮೇಲೊಂದು ದಟ್ಟವಾಗಿ ಹೊದಿಸಬೇಕು, ಮಳೆಗಾಲಕ್ಕೆ ಮುಂಚೆ ತಿರುವಿ ಹಾಕಬೇಕು. ಮಂಗಳೂರು ಹೆಂಚು ಚಪ್ಪಟೆ. ಅಂಚಿನಲ್ಲಿ ತೋಡು ಇರುವುದರಿಂದ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಒಂದು ಹೆಂಚು ಎರಡೂವರೆ ಕೆಜಿ ಆಸುಪಾಸು. ನೂರು ಚದರಡಿಗೆ ನೂರೈವತ್ತರ ಹತ್ತಿರ ಬೇಕು. ಅಂದರೆ ಚದರಡಿಗೆ ನಾಲ್ಕು ಕೆಜಿ ಬರೋದಿಲ್ಲ. ಮೂರು ಅಂಗುಲದ ಕಲ್ಲು ಚಪ್ಪಡಿ ಚದರಡಿಗೆ ಸುಮಾರು 19 ಕೆಜಿ. ಚಾವಣಿಯ ಭಾರ ಐದರಲ್ಲೊಂದು ಪಾಲಿಗೆ ಇಳಿಯಿತು!

ಭಾರ ಇಳಿದದ್ದೇ ಮನೆ ಬಿಡುಬೀಸಾಯಿತು. ಹದಿನೈದು ಅಡಿಯ ಹಾಲ್, ದೊಡ್ಡ ಕಿಟಕಿ, ಮುಂದೆ ಸಪೂರ ಮರದ ಕಂಬದ ವರಾಂಡ. ಗಾಜಿನ ಹೆಂಚು ಒಂದೆರಡು ಇಟ್ಟರೆ ಅಡುಗೆಮನೆಗೆ ಬೆಳಕು. ಆದರೆ ನನ್ನ ಮಟ್ಟಿಗೆ ಹೆಂಚು ನಮ್ಮ ಹವೆಗೆ ಪೂರ್ತಿ ಹೊಂದುವ ಚಾವಣಿ ಅಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ. ನಮ್ಮಲ್ಲಿ ಏಳೆಂಟುನೂರು ಬಿದ್ದರೆ ಹಬ್ಬ. ನಮಗೆ ಇಳಿಜಾರು ಬೇಕಿರಲಿಲ್ಲ. ಮಿದ್ದೆ ಬೇಕಿತ್ತು. ಸಂಡಿಗೆ ಒಣಗಿಸೋಕೆ, ಹುಣಸೆಹಣ್ಣು ಹರವೋಕೆ, ಬೇಸಿಗೆಯಲ್ಲಿ ಮಲಗೋಕೆ. ಹೆಂಚಿನ ಮನೆಯವರು ಇದಷ್ಟನ್ನೂ ಬಿಟ್ಟುಕೊಟ್ಟರು. ಅದರ ಮೇಲೆ ಅಂತರಗಂಗೆ ಕೋತಿಗಳ ಕಾಟ. ಒಂದು ಹಿಂಡು ಓಡಿ ಹೋದರೆ ಹತ್ತು ಹೆಂಚು ಚೂರು.

ಈಗ ಒಂದು ಉಪಯೋಗದ ವಿಷಯ. ಹಳೇ ಹೆಂಚನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಬಾಸೆಲ್ ಮಿಷನ್ ಹೆಸರಿನ ಜೊತೆ 1865 ಅಂತ ಅಚ್ಚು ಇರುತ್ತದೆ. "ನಮ್ಮ ಮನೆ 1865ರದ್ದು" ಅಂತ ಹೆಮ್ಮೆಯಿಂದ ತೋರಿಸಿದವರು ಎಷ್ಟೋ ಜನ. ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ಅಲ್ಬುಕರ್ಕ್ ಕಾರ್ಖಾನೆಯ 1868 ಕೂಡ ಹಾಗೆಯೇ. ಆದರೆ ಹೆಂಚಿನ ಮೇಲೆ ಕಾಮನ್‌ವೆಲ್ತ್ ಅಂತ ಇದ್ದರೆ ಅದು ನಿಜವಾದ ಸುಳಿವು. ಮೊದಲ ಮಹಾಯುದ್ಧದಲ್ಲಿ ಬಾಸೆಲ್ ಮಿಷನ್‌ನ ಆಸ್ತಿಯನ್ನು ಬ್ರಿಟಿಷ್ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಆ ಕಾರ್ಖಾನೆಗಳನ್ನು ನಡೆಸಿತು. ಹಾಗಾಗಿ ಆ ಅಚ್ಚಿನ ಹೆಂಚು ಯುದ್ಧದ ನಂತರದ್ದು.

ಸಣ್ಣ ರೈಲು ಈಗಿಲ್ಲ. ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿದರು. ಕೋಲಾರ–ಚಿಕ್ಕಬಳ್ಳಾಪುರ ನಡುವೆ ದೊಡ್ಡ ರೈಲು ಓಡಿದ್ದು 2013ರಲ್ಲಿ. ರೈಲು ಬಂತಲ್ಲ, ಸಂತೋಷವೇ. ಆ ಕಾಲದ ಪುಟ್ಟ ನಿಲ್ದಾಣ ಹೇಗಿರುತ್ತಿತ್ತು ಅಂತ ನೋಡಬೇಕು ಅಂದರೆ ಯಲಹಂಕ–ಚಿಕ್ಕಬಳ್ಳಾಪುರ ದಾರಿಯ ನಂದಿ ಹಾಲ್ಟ್‌ಗೆ ಹೋಗಿ. ಕಟ್ಟಡ ಇನ್ನೂ ನಿಂತಿದೆ. ದಪ್ಪ ಗೋಡೆ, ಹೆಂಚಿನ ಇಳಿಜಾರು, ಮುಂದೆ ನೆರಳು. ಆಗಿನ ಹೆಂಚಿನ ಮನೆಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಕಾಣೋದಿಲ್ಲ.

ಪ್ಲೇಗು ತೆರೆಸಿದ ಕಿಟಕಿ

ಚಾವಣಿ ಒಂದೇ ಎಲ್ಲವನ್ನೂ ಬದಲಿಸಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೂ ಬಂತು. ಮನೆಯಲ್ಲಿ ಇಲಿ ಸತ್ತರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆಗ ರೋಗಕ್ಕೆ ಕತ್ತಲು, ತೇವ, ಇಕ್ಕಟ್ಟು ಕಾರಣ ಅಂತ ಅಧಿಕಾರಿಗಳು ನಂಬಿದರು. ಇಲಿಯ ಮೈಮೇಲಿನ ಚಿಗಟದ ಪಾತ್ರ ಎಲ್ಲರೂ ಒಪ್ಪುವಷ್ಟು ಸ್ಪಷ್ಟವಾಗಿದ್ದು ಆಮೇಲೆ. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಂ ಭರದಿಂದ ಬೆಳೆದದ್ದು ಈ ಭಯದ ನಂತರ. ನೇರ ರಸ್ತೆ, ಮನೆ ಸುತ್ತ ಖಾಲಿ ಜಾಗ, ಗೋಡೆಯ ಮೇಲ್ಭಾಗದಲ್ಲಿ ವೆಂಟಿಲೇಟರ್. ಆ ಮಾದರಿ ಮೈಸೂರು ಸೀಮೆಯ ಬೇರೆ ಊರುಗಳಿಗೂ ಹರಡಿತು.

ಹಳೇ ಮಿದ್ದೆ ಮನೆಗೆ ಬೀದಿ ಕಡೆ ಕಿಟಕಿಯೇ ಕಡಿಮೆ. ಬೆಳಕು ಮನೆ ನಡುವಿನ ತೆರೆದ ಅಂಗಳವಾದ ತೊಟ್ಟಿಯಿಂದ ಬರಬೇಕು, ಇಲ್ಲವೇ ಚಪ್ಪಡಿಯಲ್ಲಿ ಬಿಟ್ಟ ಗವಾಕ್ಷಿಯಿಂದ. ಹೊಸ ಮಾದರಿಯಲ್ಲಿ ಮನೆ ಒಳಮುಖ ಬಿಟ್ಟು ಹೊರಮುಖ ಆಯಿತು. ತೊಟ್ಟಿ ಹೋಯಿತು, ಕಾಂಪೌಂಡು ಬಂತು. ಜಗಲಿ ಹೋಯಿತು, ವರಾಂಡ ಬಂತು. ಎರಡೂ ಒಂದೇ ಅಂತ ಅನ್ನಿಸಬಹುದು. ಅಲ್ಲ. ಜಗಲಿ ಬೀದಿಯದ್ದು. ದಾರಿಹೋಕರೂ ಕೂರಬಹುದಿತ್ತು. ವರಾಂಡ ಗೇಟಿನ ಒಳಗಿರುವುದು, ಕರೆದವರು ಮಾತ್ರ ಕೂರುವುದು.

ಜಗಲಿಯನ್ನು ಹೊಗಳುವಾಗ ಒಂದು ಸತ್ಯವನ್ನೂ ಹೇಳಬೇಕು. ಅಲ್ಲಿ ಎಲ್ಲರೂ ಕೂರುವ ಹಾಗಿರಲಿಲ್ಲ. ಜಾತಿ ನೋಡಿಯೇ ಜಾಗ. ಹೊಸ ಬಡಾವಣೆಗಳಲ್ಲಿ ಮನೆ ಸಾಲಿನ ಹಿಂದೆ ಒಂದು ಸಣ್ಣ ಓಣಿ ಬಿಟ್ಟಿರುತ್ತಿದ್ದರಲ್ಲ, ಅದು ಮಲ ಹೊರುವವರು ಬರಲೆಂದು ಬಿಟ್ಟ ದಾರಿ. ಮುಂಬಾಗಿಲಿಗೆ ಬರಬಾರದು ಅಂತ ನಕಾಶೆಯಲ್ಲೇ ಬರೆದ ಹಾಗೆ.

ಈ ಅಂತರ ಎದ್ದು ಕಾಣುವುದು ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿ ಕೆಲಸಕ್ಕೆ ಕೈ ಹಾಕಿದ ಮೇಲೆ ಅಲ್ಲಿ ಎರಡು ಬಗೆಯ ಮನೆ ಎದ್ದವು. ಅಧಿಕಾರಿಗಳಿಗೆ ದೊಡ್ಡ ಕಾಂಪೌಂಡಿನ ಬಂಗಲೆ. ಸುತ್ತ ವರಾಂಡ, ಎತ್ತರದ ಚಾವಣಿ, ನಮ್ಮ ಹವೆಗೆ ಬೇಕೇ ಇಲ್ಲದ ಬೆಂಕಿಗೂಡು. ಗಣಿಗೆ ಇಳಿಯುವವರಿಗೆ ಲೈನ್ ಮನೆ. ಮೊದಮೊದಲು ಬಿದಿರ ತಟ್ಟಿಯ ಗೋಡೆ, ತಗಡಿನ ಚಾವಣಿ, ಒಂದೇ ಕೋಣೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿದೀಪಕ್ಕೆ ಕರೆಂಟು ಬಂದಿದ್ದು 1905ರಲ್ಲಿ. ಇಷ್ಟು ಮುಂದಿದ್ದ ಊರಿನಲ್ಲಿ ಚಿನ್ನ ತೆಗೆಯುವವನ ತಲೆ ಮೇಲೆ ಮಾತ್ರ ತಗಡು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಬಂಗಲೆ ಫೋಟೋ ತೆಗೆಯೋಕೆ ಬರುವವರು ಲೈನ್ ಮನೆಗಳ ಸಾಲನ್ನೂ ನೋಡಬೇಕು ಅಂತ ನನ್ನ ಆಸೆ. ಎರಡನ್ನೂ ನೋಡದೆ ಆ ಊರು ಅರ್ಥವಾಗೋದಿಲ್ಲ.

ಗಡಿ ಅಳಿಸಿದ ಸಿಮೆಂಟು

ಗರ್ಡರ್ ಬಂದ ಮೇಲೆ ಒಂದು ಬೆರಕೆ ಕಾಲ ಶುರುವಾಯಿತು. ಕೆಲವು ಮನೆಗಳಲ್ಲಿ ಹಳೇ ರೈಲು ಕಂಬಿಯೇ ತೊಲೆ, ಅದರ ಮೇಲೆ ಕಲ್ಲು ಚಪ್ಪಡಿ. ಇನ್ನು ಕೆಲವದರಲ್ಲಿ ಎರಡು ಗರ್ಡರ್ ನಡುವೆ ಇಟ್ಟಿಗೆಯ ಸಣ್ಣ ಕಮಾನು. ಇವು ಕಂಡರೆ ಮನೆ ರೈಲಿನ ನಂತರದ್ದು ಅಂತ ಧೈರ್ಯವಾಗಿ ಹೇಳಬಹುದು. ಕೆಂಪು ನೆಲವೂ ಒಂದು ಗುರುತು. ರೆಡ್ ಆಕ್ಸೈಡ್ ನೆಲಕ್ಕೆ ಸಿಮೆಂಟು ಬೇಕು. ನಮ್ಮ ದೇಶದಲ್ಲಿ ಸಿಮೆಂಟು ನೆಲೆ ನಿಂತಿದ್ದು 1914ರಲ್ಲಿ ಪೋರ್‌ಬಂದರ್ ಕಾರ್ಖಾನೆ ಶುರುವಾದ ಮೇಲೆ. ಅದಕ್ಕೂ ಮುಂಚಿನ ಮನೆಯಲ್ಲಿ ಕೆಂಪು ನೆಲ ಇದ್ದರೆ, ಬಹುಮಟ್ಟಿಗೆ ಆಮೇಲೆ ಹಾಕಿಸಿದ್ದು. ಕೆಳಗೆ ಕಲ್ಲು ಹಾಸೋ, ಬಡಿದ ಗಾರೆಯೋ ಇರುತ್ತದೆ.

ಆಮೇಲೆ ಆರ್‌ಸಿಸಿ ಬಂತು. ಕಾಂಕ್ರೀಟು ಒತ್ತಡ ತಡೆಯುತ್ತದೆ, ಒಳಗಿನ ಕಬ್ಬಿಣದ ಸರಳು ಎಳೆತ ತಡೆಯುತ್ತದೆ. ಕಲ್ಲಿಗಿದ್ದ ಕೊರತೆಯನ್ನು ಸರಳು ತುಂಬಿತು. ಚಾವಣಿ ಇನ್ನು ಕೋಣೆಯ ಅಗಲವನ್ನು ತೀರ್ಮಾನಿಸುವ ಹಾಗಿರಲಿಲ್ಲ. ತೀರ್ಮಾನ ಸೈಟಿನ ಕೈಗೆ ಹೋಯಿತು. ಮೂವತ್ತು–ನಲವತ್ತು ಅನ್ನುವ ಮಾತು ಅಂಕಣದ ಜಾಗಕ್ಕೆ ಬಂತು.

ಹಳೇ ಮನೆಗಳು ಬಿದ್ದದ್ದು ಹಳತಾಗಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನವು ಬಿದ್ದದ್ದು ಪಾಲಿನಿಂದ. ತೊಟ್ಟಿ ಮನೆಯನ್ನು ಮೂವರು ಅಣ್ಣತಮ್ಮಂದಿರಿಗೆ ಹಂಚೋದು ಹೇಗೆ? ಬೀದಿಯಿಂದ ಹಿತ್ತಲವರೆಗೆ ಉದ್ದಕ್ಕೆ ಮೂರು ಪಟ್ಟಿ. ನಡುವೆ ಗೋಡೆ ಎದ್ದ ಕೂಡಲೇ ತೊಟ್ಟಿ ತುಂಡಾಗುತ್ತದೆ. ಬೆಳಕು ಗಾಳಿ ಬರುತ್ತಿದ್ದ ಒಂದೇ ಬಾಯಿ ಮುಚ್ಚುತ್ತದೆ. ಒಬ್ಬರು ತಮ್ಮ ಪಾಲು ಕೆಡವಿದರೆ ಪಕ್ಕದವರ ತೊಲೆಗೆ ಆಸರೆ ಹೋಗುತ್ತದೆ. ಆಮೇಲೆ ಎಲ್ಲರೂ ಕೆಡವಲೇಬೇಕು. ನಮ್ಮ ಮನೆಗೂ ಆಗಿದ್ದು ಇದೇ. ಜಗಲಿ ಅದಕ್ಕೂ ಮುಂಚೆಯೇ ರಸ್ತೆ ಅಗಲೀಕರಣಕ್ಕೆ ಹೋಗಿತ್ತು. ಮನೆಗೆ ನೂರು ವರ್ಷ ಆದ ಮಾತ್ರಕ್ಕೆ ಕಾನೂನಿನ ರಕ್ಷಣೆ ತಾನಾಗಿ ಸಿಗೋದಿಲ್ಲ. ಸರ್ಕಾರ ಸ್ಮಾರಕ ಅಂತ ಘೋಷಿಸಿದರೆ ಮಾತ್ರ.

ಇನ್ನೂ ಉಳಿಸಿಕೊಂಡವರಿಗೆ ಒಂದು ಕೈಮುಗಿದ ಕೋರಿಕೆ. ಸೋರುವ ಹಳೇ ಮಿದ್ದೆ ಮೇಲೆ ದಯವಿಟ್ಟು ಸಿಮೆಂಟು ಬಳಿಸಬೇಡಿ. ಸುಣ್ಣದ ಗಾರೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಚಾವಣಿ ಬಿಸಿಲಿಗೆ ಹಿಗ್ಗಿದರೆ ತಾನೂ ಚೂರು ಹೊಂದಿಕೊಳ್ಳುತ್ತದೆ. ಸಿಮೆಂಟು ಬಿಗಿ. ಅದು ಬಿರುಕು ಬಿಟ್ಟ ಕಡೆ ನೀರು ಇಳಿಯುತ್ತದೆ, ಇಳಿದ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ, ಮರದ ತೊಲೆ ಇದ್ದರೆ ಅದರ ತುದಿ ಕೊಳೆಯುತ್ತದೆ. ನಮ್ಮ ಮನೆಗೆ ಒಬ್ಬ ಕಂಟ್ರಾಕ್ಟರು ಹೀಗೇ ಎರಡು ಅಂಗುಲ ಸಿಮೆಂಟು ಹಾಕಿಸಿ ಹೋದರು. ಮೂರು ಮಳೆಗಾಲದಲ್ಲಿ ಎರಡು ತೊಲೆ ಹೋಯಿತು. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆ ಆಗಿದ್ದಾರೆ, ಆದರೆ ಹುಡುಕಿದರೆ ಸಿಗುತ್ತಾರೆ.

ಮನೆ ಕೆಡವಿದ ದಿನ ನಾನು ಒಂದು ಚಪ್ಪಡಿ ಮಾತ್ರ ಕೇಳಿ ತಂದೆ. ಈಗ ನಮ್ಮ ಗೇಟಿನ ಪಕ್ಕ ಎರಡು ಕಲ್ಲಿನ ಮೇಲೆ ಇಟ್ಟಿದ್ದೇವೆ, ಸಂಜೆ ಕೂರೋಕೆ. ಒಂದು ಅಂಚಿನಲ್ಲಿ ಬೆಣೆ ಇಟ್ಟ ಅರ್ಧ ಗುಳಿಗಳ ಸಾಲು ಇದೆ, ಒಂದೊಂದರ ನಡುವೆ ಒಂದು ಗೇಣು. ಬೆರಳಿಟ್ಟರೆ ಸರಿಯಾಗಿ ಕೂರುತ್ತದೆ. ಚಪ್ಪಡಿ ಒಂಬತ್ತು ಅಡಿ ಉದ್ದ. ಎರಡೂ ತುದಿಯಲ್ಲಿ, ಗೋಡೆ ಮೇಲೆ ಕೂತಿದ್ದ ಆರಾರು ಅಂಗುಲದಷ್ಟು ಜಾಗದಲ್ಲಿ, ಬಿಳಿ ಗಾರೆ ಇನ್ನೂ ಅಂಟಿಕೊಂಡಿದೆ. ಎಷ್ಟು ಉಜ್ಜಿದರೂ ಹೋಗಿಲ್ಲ. ಆ ಎರಡು ಬಿಳಿ ಪಟ್ಟಿಗಳ ನಡುವೆ ಒಲೆಯ ಹೊಗೆಗೆ ಕಪ್ಪಾದ ಜಾಗ ಇದೆ. ಅಳೆದು ನೋಡಿದೆ. ಎಂಟು ಅಡಿ.